ಓದುಗರಿಲ್ಲ ಎಂಬ ಹಳೇ ನೆಪ

ಕನ್ನಡದಲ್ಲಿ ಕಾಮಿಕ್ಸ್ ಓದುವವರಿಲ್ಲ. ಇದ್ದರೂ ಅವರು ಹುಡುಗರು. ಹುಡುಗರ ಕೈಯಲ್ಲೂ ಈಗ ಮೊಬೈಲ್ ಬಂದಿದೆ. ಹಾಗಾಗಿ ಕಾಮಿಕ್ಸ್ ಎನ್ನುವುದು ಬೆಂಗಳೂರಿನ ಇಂಗ್ಲಿಷ್ ಹುಡುಗರು ವರ್ಷಕ್ಕೊಮ್ಮೆ ವೇಷ ಹಾಕಿಕೊಂಡು ಆಡುವ ಹಬ್ಬ; ನಮ್ಮ ಕಡೆಯ ಸಂಗತಿ ಅಲ್ಲ.

ಈ ಮಾತನ್ನು ಪ್ರಕಾಶಕರು ಹೇಳುತ್ತಾರೆ, ಪತ್ರಿಕೆಯವರು ಹೇಳುತ್ತಾರೆ, ಪುಸ್ತಕ ಮೇಳ ನಡೆಸುವವರು ಹೇಳುತ್ತಾರೆ. ಹೇಳುವವರಲ್ಲಿ ಕೆಟ್ಟವರು ಕಡಿಮೆ, ಓದಿಕೊಂಡವರೇ ಹೆಚ್ಚು. ಯಾರೂ ಪುರಾವೆ ಕೇಳಲಿಲ್ಲವಾದ್ದರಿಂದ ಮಾತು ಸತ್ಯದ ಗತ್ತಿನಲ್ಲಿ ಓಡಾಡುತ್ತಿದೆ. ನಾನು ಬೆಳಗಾವಿಯ ನೆಹರು ನಗರದಲ್ಲಿ ಕೂತು ಕಾಮಿಕ್ಸ್ ಬರೆಯುವವನು. ಬರೆದದ್ದನ್ನು ಝೆರಾಕ್ಸ್ ಅಂಗಡಿಯಲ್ಲಿ ಅಚ್ಚು ಹಾಕಿಸಿ, ಪಿನ್ ಹೊಡೆದು, ಮೇಳಗಳಲ್ಲಿ ಮೇಜಿನ ಮೇಲೆ ಹರವಿ ಮಾರುತ್ತೇನೆ. ಯಾವ ಪತ್ರಿಕೆಯ ಪಗಾರವೂ ನನಗಿಲ್ಲ. ಮೇಜಿನ ಈಚೆ ನಿಂತವನಿಗೆ ಕಾಣುವ ಲೆಕ್ಕ ಬೇರೆ. ಓದುಗರು ಇದ್ದಾರೆ. ಇಲ್ಲದಿರುವುದು ಅವರ ಮುಂದೆ ಪುಸ್ತಕ ಇಡುವ ಜಾಗ ಮತ್ತು ಅದನ್ನು ಬರೆದವನಿಗೆ ಸಲ್ಲಬೇಕಾದ ದುಡ್ಡು. ಈ ಎರಡನ್ನೂ ಕೊಡಬೇಕಾದವರೇ ಓದುಗರಿಲ್ಲ ಎಂದು ಸಾರುತ್ತಿದ್ದಾರೆ. ಕೊಡದೇ ಇರುವುದಕ್ಕೆ ಇದಕ್ಕಿಂತ ಸುಲಭದ ಕಾರಣ ಇನ್ನೊಂದಿಲ್ಲ.

ಮೊದಲು ಇತಿಹಾಸವನ್ನೇ ನೋಡೋಣ. ಇಡೀ ಭಾರತ ತನ್ನದೆಂದು ಹೇಳಿಕೊಳ್ಳುವ ಅಮರ ಚಿತ್ರ ಕಥೆ ಮೊದಲು ಮಾರಾಟಕ್ಕೆ ಬಂದದ್ದು ಯಾವ ಭಾಷೆಯಲ್ಲಿ? ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನ ಐಬಿಎಚ್‌ ಪ್ರಕಾಶನದಲ್ಲಿದ್ದ ಜಿ.ಕೆ. ಅನಂತರಾಮ್ ಪಾಶ್ಚಾತ್ಯ ಮಕ್ಕಳ ಕಥೆಗಳನ್ನು ಕನ್ನಡದಲ್ಲಿ ಚಿತ್ರಕಥೆಗಳಾಗಿ ತರಿಸಿದರು. ಅವು ಚೆನ್ನಾಗಿ ಮಾರಾಟವಾದವು. ಆ ಧೈರ್ಯದ ಮೇಲೆ ಮುಂಬೈಯ ಕಚೇರಿ ಯೋಜನೆಯನ್ನು ಇಂಗ್ಲಿಷಿಗೆ ಒಯ್ದಿತು. ಮೊದಲ ಹತ್ತು ಸಂಖ್ಯೆಗಳು ಆ ವಿದೇಶಿ ಕಥೆಗಳ ಪಾಲಾಗಿದ್ದರಿಂದ ಮಾಲಿಕೆಯ ಸಂಪಾದಕ ಅನಂತ ಪೈ ಅವರ 'ಕೃಷ್ಣ' ಹನ್ನೊಂದನೆಯ ಸಂಚಿಕೆಯಾಗಿ ಬಂತು. ಅನಂತ ಪೈ ಹುಟ್ಟಿದ್ದೂ ನಮ್ಮ ಕಾರ್ಕಳದಲ್ಲೇ, 1929ರಲ್ಲಿ. ದೇಶದ ಅತಿ ದೊಡ್ಡ ಕಾಮಿಕ್ಸ್ ಮಾಲಿಕೆಗೆ ಮೊದಲ ಗಿರಾಕಿಗಳಾದವರು ಕನ್ನಡಿಗರು. ಅವರ ಮೊಮ್ಮಕ್ಕಳಿಗೆ ಈಗ 'ನಿಮ್ಮಲ್ಲಿ ಆ ಓದೇ ಇಲ್ಲ' ಎಂದು ಪಾಠ ಹೇಳಲಾಗುತ್ತಿದೆ.

ಅದೊಂದೇ ಅಲ್ಲ. 1964ರಿಂದ 1990ರವರೆಗೆ ನಡೆದ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಬಂತು. 'ಸುಧಾ' ಕೈಗೆ ಬಂದೊಡನೆ ಕಥೆ, ಧಾರಾವಾಹಿ ಎಲ್ಲ ಬಿಟ್ಟು ಫ್ಯಾಂಟಮ್ ಪುಟ ಹುಡುಕುತ್ತಿದ್ದ ದೊಡ್ಡವರು ಎಷ್ಟು ಮನೆಗಳಲ್ಲಿರಲಿಲ್ಲ? 'ಬಾಲಮಂಗಳ'ದ ಡಿಂಗನ ಹೆಸರು ಹೇಳಿದರೆ ಇವತ್ತಿಗೂ ನಲವತ್ತು ದಾಟಿದ ಬ್ಯಾಂಕ್ ಮ್ಯಾನೇಜರುಗಳ ಮುಖ ಅರಳುತ್ತದೆ. ಬೆಳಗಾವಿಯ ನಮ್ಮಂಥವರಿಗೆ ಇನ್ನೊಂದು ಲಾಭವಿತ್ತು. ರದ್ದಿ ಅಂಗಡಿಯ ಗಂಟಿನಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಕಲಸಿಕೊಂಡೇ ಬರುತ್ತಿದ್ದವು. ಫ್ಯಾಂಟಮ್ ಕಥೆಯ ಮೊದಲರ್ಧ ಮರಾಠಿಯಲ್ಲಿ ಸಿಕ್ಕಿದರೆ ಉಳಿದರ್ಧ ಕನ್ನಡದಲ್ಲಿ ಸಿಗುವವರೆಗೆ ಕಾಯುತ್ತಿದ್ದೆವು. ಭಾಷೆಯ ಗಡಿ ಗೊತ್ತಾಗುವ ಮೊದಲೇ ಗುಹೆ, ಡೆವಿಲ್, ತಲೆಬುರುಡೆಯ ಉಂಗುರ ಗೊತ್ತಾಗಿದ್ದವು.

'ಇದ್ದವು ಸರಿ, ಓದುಗರು ಕೈಬಿಟ್ಟಿದ್ದಕ್ಕೇ ತಾನೆ ನಿಂತವು?' ಎಂದು ಕೇಳುವವರಿದ್ದಾರೆ. ನಿಂತದ್ದು ಹೇಗೆ ಎಂದು ಅವರು ವಿಚಾರಿಸಿಲ್ಲ. ಇಂದ್ರಜಾಲ ಕನ್ನಡದಲ್ಲಿ ಮಾತ್ರ ನಿಲ್ಲಲಿಲ್ಲ. ಮುಂಬೈಯ ಪ್ರಕಾಶಕರು ಮಾಲಿಕೆಯನ್ನೇ ಮುಚ್ಚಿದರು, ಎಲ್ಲ ಭಾಷೆಗಳಲ್ಲೂ ಮುಚ್ಚಿತು. 'ಚಂದಮಾಮ' ಪೂರ್ತಿ ಕಾಮಿಕ್ಸ್ ಅಲ್ಲ, ಆದರೆ ಚಿತ್ರವೇ ಅದರ ಜೀವಾಳವಾಗಿತ್ತು. ಕನ್ನಡದಲ್ಲಿ 1949ರಿಂದ ಬರುತ್ತಿತ್ತು. ಅದನ್ನು 2007ರಲ್ಲಿ ಜಿಯೋಡೆಸಿಕ್ ಎಂಬ ಮುಂಬೈಯ ಸಾಫ್ಟ್‌ವೇರ್ ಕಂಪನಿ ಕೊಂಡುಕೊಂಡಿತು. ಮುಂದೆ ಆ ಕಂಪನಿ ಸಾಲದಲ್ಲಿ ಸಿಕ್ಕಿ ಕೋರ್ಟಿನ ಮೆಟ್ಟಿಲು ಹತ್ತಿತು, 2013ರ ಹೊತ್ತಿಗೆ ಪತ್ರಿಕೆಯೂ ನಿಂತಿತು. ಮಾಲೀಕರ ಸಾಲಕ್ಕೆ ಓದುಗ ಹೇಗೆ ಹೊಣೆ? ಅಂಗಡಿಗೆ ಬಾಗಿಲು ಹಾಕಿದವರು ಒಬ್ಬರು, ಗಿರಾಕಿ ಬರಲಿಲ್ಲ ಎಂಬ ಅಪವಾದ ಇನ್ನೊಬ್ಬರ ಮೇಲೆ.

ಇನ್ನು 'ಹುಡುಗರ ಪುಸ್ತಕ' ಎಂಬ ಮಾತು. ಹುಡುಗರು ಓದಿದರೆ ಅದರಲ್ಲಿ ಅವಮಾನ ಏನಿದೆಯೋ ನನಗೆ ತಿಳಿಯದು. ಹುಡುಗರಷ್ಟು ನಿಷ್ಠುರ ಓದುಗರು ಇಲ್ಲ. ಬೇಸರ ಬಂದರೆ ಮುಲಾಜಿಲ್ಲದೆ ಪುಸ್ತಕ ಕೆಳಗಿಡುತ್ತಾರೆ, ವಿಮರ್ಶಕರ ಹಾಗೆ ಮುನ್ನುಡಿ ಓದಿ ಮುಗಿಸಿದೆ ಎನ್ನುವುದಿಲ್ಲ. ಆದರೆ ಗೆರೆಯ ಮಾತು ದೊಡ್ಡವರಿಗೆ ನಾಟುವುದಿಲ್ಲ ಎಂಬ ವಾದವನ್ನು ಬೆಳಗಾವಿಯಲ್ಲಿ ನಿಂತು ಮಾಡುವುದು ತಮಾಷೆ. 1960ರಲ್ಲಿ ಮುಂಬೈಯಲ್ಲಿ ಒಬ್ಬ ವ್ಯಂಗ್ಯಚಿತ್ರಕಾರ 'ಮಾರ್ಮಿಕ್' ಎಂಬ ಕಾರ್ಟೂನು ವಾರಪತ್ರಿಕೆ ತೆಗೆದ. ಆರು ವರ್ಷದಲ್ಲಿ ಅದರ ಓದುಗರ ಗುಂಪೇ ಒಂದು ಪಕ್ಷವಾಯಿತು. 1969ರಲ್ಲಿ ಅದೇ ಪಕ್ಷ ಬೆಳಗಾವಿಯ ಹೆಸರಿನಲ್ಲಿ ಮುಂಬೈಯನ್ನು ಬಂದ್ ಮಾಡಿಸಿತು, ಬೀದಿಗಳು ಹೊತ್ತಿ ಉರಿದವು. ಬಾಳ ಠಾಕ್ರೆಯವರ ರಾಜಕೀಯವನ್ನು ಒಪ್ಪುವವರು ಒಪ್ಪಲಿ, ನಾನಂತೂ ಒಪ್ಪಲಾರೆ. ಆದರೆ ಕಾರ್ಟೂನು ಹುಡುಗಾಟ ಎಂದು ಅವರು ಒಂದು ದಿನವೂ ತಿಳಿದಿರಲಿಲ್ಲ. ನಾವು, ಆ ಗೆರೆಯ ಬಿಸಿ ತಾಗಿಸಿಕೊಂಡ ಊರಿನವರು, ಇನ್ನೂ ಹಾಗೆ ತಿಳಿದಿದ್ದೇವೆ.

ದೂರದ ಸಾಕ್ಷಿ ಬೇಕೆಂದರೆ ಅದೂ ಇದೆ. ನಾಜಿ ಶಿಬಿರದಲ್ಲಿ ಬದುಕುಳಿದ ತಂದೆಯ ಕಥೆಯನ್ನು ಇಲಿ ಬೆಕ್ಕುಗಳ ರೂಪದಲ್ಲಿ ಬರೆದ ಆರ್ಟ್ ಸ್ಪೀಗಲ್‌ಮನ್ ಅವರ 'ಮೌಸ್'ಗೆ 1992ರಲ್ಲಿ ಪುಲಿಟ್ಜರ್ ಬಂತು. ಅದಾಗಿ ಎರಡು ವರ್ಷಕ್ಕೆ ಒರಿಜಿತ್ ಸೇನ್ ನರ್ಮದಾ ಅಣೆಕಟ್ಟಿನ ಮೇಲೆ 'ರಿವರ್ ಆಫ್ ಸ್ಟೋರೀಸ್' ತಂದರು. ಬುಡಕಟ್ಟಿನ ಹಾಡು, ಸರ್ಕಾರಿ ಕಡತ, ಪತ್ರಕರ್ತನ ಟಿಪ್ಪಣಿ ಮೂರನ್ನೂ ಒಂದೇ ಪುಟದಲ್ಲಿ ಕೂಡಿಸಿದ ಪುಸ್ತಕ ಅದು. ಭಾರತದ ಮೊದಲ ಗ್ರಾಫಿಕ್ ಕಾದಂಬರಿ ಎಂದು ಅದನ್ನು ಈಗ ಕರೆಯುತ್ತಾರೆ.

ನಮ್ಮ ಜಿಲ್ಲೆಯ ಮಗ್ಗುಲಲ್ಲೂ ಒಂದು ನದಿ ಇದೆ. ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿ ಗೋವಾದ ಕಡೆ ಇಳಿಯುತ್ತದೆ. ಅದೇ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಸವದತ್ತಿ ಸೇರುತ್ತಾಳೆ. ಒಂದೇ ಮಳೆ, ಒಂದೇ ಗುಡ್ಡ, ನೀರಿಗೆ ಎರಡು ದಾರಿ. ಕಳಸಾ ಬಂಡೂರಿ ನಾಲೆಗಳ ಜಗಳವೆಲ್ಲ ಈ ಗುಡ್ಡದ ನೆತ್ತಿಯ ಮೇಲೆ ನಡೆದದ್ದು. ನ್ಯಾಯಮಂಡಳಿ 2018ರಲ್ಲಿ ಮಹದಾಯಿಯಿಂದ ಮಲಪ್ರಭೆಗೆ ತಿರುಗಿಸಲು 3.9 ಟಿಎಂಸಿ ಕೊಟ್ಟಿತು. ನವಲಗುಂದ, ನರಗುಂದದ ರೈತರು ವರ್ಷಗಟ್ಟಲೆ ಧರಣಿ ಕೂತರು. ಇದರ ಮೇಲೆ ಬಂದ ಪತ್ರಿಕಾ ವರದಿಗಳನ್ನು ಕೂಡಿಟ್ಟರೆ ಒಂದು ಲಾರಿ ತುಂಬೀತು. ಆದರೂ ನೀರು ಯಾವ ಕಡೆಯಿಂದ ಯಾವ ಕಡೆ ತಿರುಗುತ್ತದೆ ಎಂದು ಬೆಳಗಾವಿಯ ಚಹಾದಂಗಡಿಯಲ್ಲಿ ಕೇಳಿ ನೋಡಿ, ಹತ್ತು ಜನ ಹತ್ತು ದಿಕ್ಕು ತೋರಿಸುತ್ತಾರೆ. ಎರಡು ಪುಟದ ಕಾಮಿಕ್ಸ್ ಅದನ್ನು ಹೇಳಬಲ್ಲದು. ಮೊದಲ ಪುಟದಲ್ಲಿ ಗುಡ್ಡ ಮತ್ತು ಎರಡು ಇಳಿಜಾರು, ಎರಡನೆಯದರಲ್ಲಿ ಅದೇ ಗುಡ್ಡದ ಹೊಟ್ಟೆ ಸೀಳಿದ ಕಾಲುವೆ. ದೊಡ್ಡವರ ವಿಷಯ ಇದಕ್ಕಿಂತ ಬೇರೆ ಯಾವುದು ಬೇಕು? ಬರೆಯುವವರು ಇದ್ದಾರೆ. ಖಾನಾಪುರದ ಕಾಡಿನಲ್ಲಿ ತಿಂಗಳುಗಟ್ಟಲೆ ತಿರುಗಿ ಬರೆದದ್ದಕ್ಕೆ ಮನೆ ಬಾಡಿಗೆಯಷ್ಟಾದರೂ ಕೊಡುವವರು ಯಾರು ಎಂಬುದೇ ಪ್ರಶ್ನೆ.

ಈಗ ಮೇಳದ ಮಾತಿಗೆ ಬರುತ್ತೇನೆ. ಕಾಮಿಕ್ಸ್ ಅಂದರೆ ಬೆಂಗಳೂರಿನ ವೇಷಗಾರರು ಎಂಬ ತಿರಸ್ಕಾರಕ್ಕೆ ಅದೇ ಮೂಲ. ಕಾಮಿಕ್ ಕಾನ್ ಇಂಡಿಯಾ 2011ರಲ್ಲಿ ದೆಹಲಿಯಲ್ಲಿ ಶುರುವಾಗಿ 2012ರಲ್ಲಿ ಬೆಂಗಳೂರಿಗೆ ಬಂತು. 2024ರಲ್ಲಿ ನಾಡ್‌ವಿನ್ ಎಂಬ ಗೇಮಿಂಗ್ ಕಂಪನಿ ಅದನ್ನು ಕೊಂಡಿತು. ಅಲ್ಲಿ ಆಟ, ಸಿನಿಮಾ, ಅನಿಮೆ, ಬೊಂಬೆ, ಟೀ ಶರ್ಟು ಎಲ್ಲ ಇದೆ; ಒಂದು ಸಾಲಿನಲ್ಲಿ ನಮ್ಮಂಥ ಸ್ವತಂತ್ರ ಚಿತ್ರಕಾರರ ಮೇಜುಗಳೂ ಇರುತ್ತವೆ. ಅದು ವ್ಯಾಪಾರದ ಜಾತ್ರೆ ಎಂದು ಮೂಗು ಮುರಿಯುವವರನ್ನು ನಾನು ಒಪ್ಪುವುದಿಲ್ಲ. ಜಾತ್ರೆಯಲ್ಲಿ ವ್ಯಾಪಾರ ನಡೆದರೆ ತಪ್ಪೇನು? ಸವದತ್ತಿ ಯಲ್ಲಮ್ಮನ ಗುಡ್ಡದಲ್ಲೂ ಬಳೆ ಮಾರುತ್ತಾರೆ. ಕನ್ನಡವನ್ನು ಸಾಕುತ್ತೇನೆ ಎಂದು ಅದು ಯಾವತ್ತೂ ಮಾತು ಕೊಟ್ಟಿಲ್ಲ. ಮಾತು ಕೊಟ್ಟವರು ಬೇರೆ ಇದ್ದಾರೆ. ಸಿಟ್ಟು ಅವರ ಮೇಲಿರಲಿ.

ಅಂಥ ದೊಡ್ಡ ಮೇಳಗಳಲ್ಲಿ ಮೇಜು ಹಿಡಿದವರ ಲೆಕ್ಕ ಹೇಗಿರುತ್ತದೆ ಗೊತ್ತೆ? ಮೇಜಿನ ಬಾಡಿಗೆ ಮೊದಲೇ ಕಟ್ಟಬೇಕು. ಬೆಳಗಾವಿಯಿಂದ ಐನೂರು ಕಿಲೋಮೀಟರು. ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ಸಿನ ಬರ್ತಿನ ಕೆಳಗೆ ಪುಸ್ತಕದ ಗಂಟು, ಪಕ್ಕದಲ್ಲಿ ಸುರುಳಿ ಸುತ್ತಿದ ಬ್ಯಾನರು. ಊಟ, ವಸತಿ, ಮೇಳದ ಬಾಗಿಲವರೆಗೆ ಆಟೋ. ಪುಸ್ತಕ ಮಾರಿ ಇಷ್ಟು ಹುಟ್ಟುವುದಿಲ್ಲ. ಹಾಗಾಗಿ ಸ್ಟಿಕರು, ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ಟು, ಕೀ ಚೈನು ಇಟ್ಟುಕೊಳ್ಳುತ್ತೇವೆ. ಬಾಡಿಗೆ ಹುಟ್ಟಿಸುವುದು ಅವೇ. ಇದನ್ನು ನೋಡಿದವರು 'ನೋಡ್ರಿ, ಅಲ್ಲೂ ಕಾಮಿಕ್ಸ್ ಯಾರಿಗೂ ಬ್ಯಾಡ, ಸ್ಟಿಕರ್ ಬೇಕು' ಎಂದು ಗೆದ್ದವರ ಹಾಗೆ ಹೇಳುತ್ತಾರೆ.

ಅವರು ಮೇಜಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಜನ ಸಾಲು ಸಾಲಾಗಿ ಹೋಗುತ್ತಿರುತ್ತಾರೆ, ಕಣ್ಣು ಎಲ್ಲೂ ನಿಲ್ಲುವುದಿಲ್ಲ. ಇದ್ದಕ್ಕಿದ್ದಂತೆ ಒಬ್ಬ ಹುಡುಗಿ ಎರಡು ಹೆಜ್ಜೆ ಮುಂದೆ ಹೋದವಳು ತಿರುಗಿ ಬರುತ್ತಾಳೆ. 'ಕನ್ನಡದಲ್ಲಿದೆಯಾ ಇದು?' ಎಂದು ಕೇಳಿ, ಉತ್ತರಕ್ಕೂ ಕಾಯದೆ ಪುಟ ತಿರುಗಿಸುತ್ತಾಳೆ. ಹಾಸನದವಳೋ ದಾವಣಗೆರೆಯವಳೋ ಇರುತ್ತಾಳೆ, ಮಾರತಹಳ್ಳಿಯಲ್ಲಿ ಕೆಲಸ, ಮೈಮೇಲೆ ಜಪಾನಿ ಅನಿಮೆಯ ಅಂಗಿ. ಒಂದು ಕೊಂಡು, ಗೆಳೆಯರನ್ನು ಕರೆತಂದು ಇನ್ನೆರಡು ಕೊಳ್ಳಿಸುತ್ತಾಳೆ. ಹೋಗುವಾಗ 'ಇದು ಎಲ್ಲಿ ಸಿಗತ್ತೆ?' ಎಂದು ಕೇಳುತ್ತಾಳೆ. ಇವತ್ತು ಇಲ್ಲಿ ಬಿಟ್ಟರೆ ಎಲ್ಲೂ ಸಿಗುವುದಿಲ್ಲ ಎಂದೇ ಹೇಳಬೇಕು. ಓದುಗರಿಲ್ಲ ಎನ್ನುವವರು ಉತ್ತರಿಸಬೇಕಾದ ಪ್ರಶ್ನೆ ಇದು.

ಬೆಂಗಳೂರು ಬೇಡ, ನಮ್ಮೂರಿಗೇ ಬನ್ನಿ. ಬೆಳಗಾವಿ–ಖಾನಾಪುರ ಬಸ್ಸಿನ ಮೇಲೆ ನಾನೊಂದು ಪುಟ್ಟ ಪುಸ್ತಕ ಬರೆದಿದ್ದೇನೆ. ಹದಿನಾರು ಪುಟ, ಕಪ್ಪು ಬಿಳುಪು. ಅದರಲ್ಲಿ ಮಾತೇ ಇಲ್ಲದ ಒಂದು ಪುಟವಿದೆ, ಆರು ಚೌಕಟ್ಟು. ಮೊದಲ ಚೌಕಟ್ಟಿನಲ್ಲಿ ಕಂಡಕ್ಟರು ಚಿಲ್ಲರೆಗೆ ಕೈ ಚಾಚುತ್ತಾನೆ. ಎರಡನೆಯದರಲ್ಲಿ ಮುದುಕ ಕಿಟಕಿ ಹೊರಗೆ ನೋಡುತ್ತಾನೆ, ಮೂರನೆಯದರಲ್ಲಿ ಕಾಲೇಜು ಹುಡುಗ, ನಾಲ್ಕನೆಯದರಲ್ಲಿ ಕೋಳಿ ಬುಟ್ಟಿಯ ಹೆಂಗಸು, ಐದನೆಯದರಲ್ಲಿ ಬುಟ್ಟಿಯ ಕೋಳಿ ಕೂಡ. ಆರನೆಯದರಲ್ಲಿ ಕಂಡಕ್ಟರನೂ ಕಿಟಕಿ ಹೊರಗೆ ನೋಡುತ್ತ ನಿಂತಿದ್ದಾನೆ. ಊರಿನ ಒಂದು ಸಣ್ಣ ಸಂತೆಯಲ್ಲಿ ಮೇಜು ಹಾಕಿದ್ದಾಗ ಖಾಕಿ ಅಂಗಿಯವರೊಬ್ಬರು ಬಂದು ಈ ಪುಟ ನೋಡಿದರು. ಮುಂದಿನ ಪುಟ ತಿರುಗಿಸಿದರು, ಮತ್ತೆ ಹಿಂದಕ್ಕೆ ಬಂದರು. ಐದನೇ ಚೌಕಟ್ಟಿನ ಮೇಲೆ ಬೆರಳಿಟ್ಟು ನಕ್ಕರು.

'ಸರ, ಇದನ್ನ ಬರದವ್ರು ನೀವ ಏನ್ರಿ?'

'ಹೌದ್ರಿ.'

'ನಮ್ಮ ಡಿಪೋದಾಗ ಯಾರನರ ಕೇಳಿ ಬರದೀರೇನು?'

'ಇಲ್ರಿ, ಬಸ್ಸಿನ್ಯಾಗ ಕುಂತ ನೋಡಿದ್ದ್ರಿ.'

'ಚಿಲ್ಲರ ಅಂದ ಕೂಡ್ಲೇ ಮಂದಿಗಿ ಗಿಡಾ ಮರಾ ನೋಡೂದ ನೆನಪಾಕ್ಕೈತಿ. ಬರೋಬ್ಬರಿ ಹಿಡದೀರಿ. ಎರಡ ಕೊಡ್ರಿ, ಒಂದ ಡಿಪೋದಾಗ ಇಡತೀನಿ.'

ಅವರು ಕಾದಂಬರಿ ಓದುವವರಲ್ಲ, ಕಾಮಿಕ್ ಕಾನ್ ಹೆಸರು ಕೇಳಿದವರೂ ಅಲ್ಲ. ಆದರೆ ಓದಿದ ರೀತಿ ನೋಡಿ: ಹಿಂದಿನ ಪುಟಕ್ಕೆ ಮರಳಿ, ಚೌಕಟ್ಟಿಗೆ ಚೌಕಟ್ಟು ಹೊಂದಿಸಿ, ನಗು ಹುಟ್ಟಿದ್ದು ಎಲ್ಲಿ ಎಂದು ಪತ್ತೆ ಹಚ್ಚಿದರು. ಸಾಹಿತ್ಯದ ತರಗತಿಯಲ್ಲಿ ಇದನ್ನೇ ಆಪ್ತ ಓದು ಎಂದು ಕಲಿಸುತ್ತಾರೆ. ಈ ಓದುಗನಿಗೆ ಪುಸ್ತಕ ಸಿಕ್ಕಿದ್ದು ಸಂತೆಯಲ್ಲಿ ಒಂದು ಮೇಜು ಇತ್ತು ಎಂಬ ಒಂದೇ ಕಾರಣಕ್ಕೆ.

ವ್ಯವಸ್ಥೆ ಇದ್ದರೆ ಏನಾಗುತ್ತದೆ ಎಂದು ನೋಡಲು ನಾವು ಬಹಳ ದೂರ ಹೋಗಬೇಕಿಲ್ಲ. ನಮ್ಮ ಪಕ್ಕದ ಮರಾಠಿಯಲ್ಲಿ ದೀಪಾವಳಿ ಸಂಚಿಕೆಗಳಿವೆ. ಮಧುಕರ ಪಾಟಕರ್ 1951ರಲ್ಲಿ ಶುರು ಮಾಡಿದ 'ಆವಾಜ್' ನಗೆಚಿತ್ರಗಳಿಗಾಗಿಯೇ ಹೆಸರಾಯಿತು. ಅದರ 'ಖಿಡಕಿ' ಚಿತ್ರಗಳಿಗೆ ಮನೆಮಂದಿಯೆಲ್ಲ ಕಾಯುತ್ತಿದ್ದರು. ಪ್ರತಿ ವರ್ಷ ಇಷ್ಟು ಮುಖಪುಟ, ಇಷ್ಟು ಚಿತ್ರ ಬೇಕೇ ಬೇಕು ಎಂಬ ಬೇಡಿಕೆ ಇದ್ದಾಗ ಚಿತ್ರಕಾರ ಹುಟ್ಟುತ್ತಾನೆ, ಉಳಿಯುತ್ತಾನೆ. ಶಿ.ದ. ಫಡ್ನಿಸ್ ಹುಟ್ಟಿದ್ದು 1925ರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದಲ್ಲಿ. 'ಮೋಹಿನಿ' ದೀಪಾವಳಿ ಸಂಚಿಕೆಗೆ ಅವರು ಬರೆದ ಒಂದು ಮುಖಪುಟದಲ್ಲಿ ಹುಡುಗ ಹುಡುಗಿ ಅಕ್ಕಪಕ್ಕ ನಿಂತಿದ್ದಾರೆ. ಒಬ್ಬರ ಬಟ್ಟೆಯ ತುಂಬ ಬೆಕ್ಕು, ಇನ್ನೊಬ್ಬರ ಬಟ್ಟೆಯ ತುಂಬ ಇಲಿ. ಒಂದಕ್ಷರ ಇಲ್ಲ. ಆ ನಗೆಗೆ ಕನ್ನಡವೂ ಬೇಡ, ಮರಾಠಿಯೂ ಬೇಡ. ಗಡಿ ಹಳ್ಳಿಯ ಈ ಹುಡುಗ ಕೊಲ್ಹಾಪುರ, ಮುಂಬೈ, ಪುಣೆ ಎಂದು ಹೋದ. ದುಡ್ಡು ಕೊಟ್ಟು ಬರೆಸುವ ಪತ್ರಿಕೆಗಳು ಅಲ್ಲಿದ್ದವು.

ಹಳೇ ಮೈಸೂರಿನ ಕಥೆಯೂ ಇದೇ. ರಾ.ಶಿ. ಎಂಬ ಡಾ. ಎಂ. ಶಿವರಾಂ 1942ರಲ್ಲಿ 'ಕೊರವಂಜಿ' ತೆಗೆದಾಗ ಅದಕ್ಕೆ ಚಿತ್ರ ಬರೆದವರಲ್ಲಿ ಆರ್.ಕೆ. ಲಕ್ಷ್ಮಣ್ ಇದ್ದರು. ಕೆಲವೇ ವರ್ಷದಲ್ಲಿ ಅವರು ಮುಂಬೈಗೆ ಹೋದರು, ಉಳಿದದ್ದು ಲೋಕಕ್ಕೆ ಗೊತ್ತಿದೆ. ಕೊರವಂಜಿ 1967ಕ್ಕೆ ನಿಂತಿತು; ಅದರ ಉತ್ತರಾಧಿಕಾರಿ 'ಅಪರಂಜಿ' ಬರಲು 1983 ಆಗಬೇಕಾಯಿತು. ಕಾಮಿಕ್ಸ್ ಸಂಸ್ಕೃತಿಯೇ ಇಲ್ಲ ಎನ್ನುವ ನಾಡು ಅನಂತ ಪೈಯವರನ್ನು, ಲಕ್ಷ್ಮಣರನ್ನು, ಫಡ್ನಿಸರನ್ನು ಹೆತ್ತಿತು. ಹೆತ್ತದ್ದಷ್ಟೇ, ಸಾಕಿದವರು ಬೇರೆ.

ಇಲ್ಲಿ ಒಂದು ಹುಸಿ ಗೌರವದ ಬಗ್ಗೆ ಹೇಳಲೇಬೇಕು. ಕಾಮಿಕ್ಸನ್ನು ತಿರಸ್ಕರಿಸುವವರಷ್ಟೇ ಅಪಾಯಕಾರಿಗಳು ಅದನ್ನು ವೇದಿಕೆಯ ಮೇಲೆ ಹೊಗಳುವವರು. 'ಹಳೇಬೀಡಿನ ಗೋಡೆಯ ಮೇಲಿನ ರಾಮಾಯಣವೇ ಜಗತ್ತಿನ ಮೊದಲ ಕಾಮಿಕ್ಸ್, ಸಾವಂತವಾಡಿಯ ಆಚೆಯ ಪಿಂಗುಳಿ ಚಿತ್ರಕಥಿಗಳೇ ನಮ್ಮ ಮೂಲಪುರುಷರು' ಎಂಬ ಭಾಷಣ ಎಷ್ಟು ಸಲ ಕೇಳಬೇಕು? ಹೊಯ್ಸಳರ ಶಿಲ್ಪಿಗೆ ರಾಜ ಕೂಲಿ ಕೊಟ್ಟಿದ್ದ. ಚಿತ್ರಕಥಿಗೆ ಸಾವಂತವಾಡಿಯ ಅರಮನೆ ಆಶ್ರಯ ಕೊಟ್ಟಿತ್ತು. ಭಾಷಣ ಮುಗಿದ ಮೇಲೆ ನಮ್ಮ ಕೈಗೆ ಬರುವುದು ಶಾಲು, ಹಾರ, ಹಣ್ಣಿನ ಬುಟ್ಟಿ ಮತ್ತು 'ಊಟ ಮಾಡ್ಕೊಂಡ ಹೋಗ್ರಿ' ಎಂಬ ಉಪಚಾರ. ಕರೆಯುವಾಗಲೂ ಪುಸ್ತಕ ತನ್ನಿ ಎನ್ನುವುದಿಲ್ಲ. 'ಬಂದ ಅತಿಥಿಗಳ ಮುಖ ನಿಂತಲ್ಲೇ ಬರೆದುಕೊಡಿ, ಮಜಾ ಇರ್ತದ' ಎನ್ನುತ್ತಾರೆ. ಕವಿಗೋಷ್ಠಿಗೆ ಬಂದ ಕವಿಗೆ ಅತಿಥಿಗಳ ಮೇಲೆ ನಿಂತಲ್ಲೇ ಒಂದೊಂದು ಚೌಪದಿ ಕಟ್ಟಿಕೊಡಿ ಎಂದು ಯಾರಾದರೂ ಹೇಳುತ್ತಾರೆಯೇ? ಸತ್ತ ಶಿಲ್ಪಿಗೆ ಮರ್ಯಾದೆ, ಇರುವ ಚಿತ್ರಕಾರನಿಗೆ ಬಿಟ್ಟಿ ಕೆಲಸ. ಪರಂಪರೆಯ ಈ ಪ್ರಮಾಣಪತ್ರ ನನಗೆ ಬೇಡ. ಕಾಮಿಕ್ಸ್ ನೂರಾರು ವರ್ಷ ಹಳೆಯದೆಂದು ಸಾಬೀತಾದರೆ ಮಾತ್ರ ಓದಲು ಯೋಗ್ಯ ಎನ್ನುವುದೂ ತಿರಸ್ಕಾರದ ಇನ್ನೊಂದು ಮುಖವೇ.

ಎದುರಿನವರ ವಾದದಲ್ಲಿ ತೂಕವಿರುವ ಮಾತು ಒಂದಿದೆ, ಅದನ್ನು ಮರೆಮಾಚಲಾರೆ. ಪ್ರಕಾಶಕರ ಕಷ್ಟ ನಿಜ. ಬಣ್ಣದ ಅಚ್ಚು ದುಬಾರಿ, ಒಳ್ಳೆಯ ಕಾಗದ ಬೇಕು, ಸಾವಿರ ಪ್ರತಿ ಹಾಕಿ ಐನೂರು ಗೋದಾಮಿನಲ್ಲಿ ಉಳಿದರೆ ಮನೆ ಮುಳುಗುತ್ತದೆ. ಕನ್ನಡ ಪ್ರಕಾಶನ ಬಹುಪಾಲು ಸರ್ಕಾರಿ ಗ್ರಂಥಾಲಯಗಳ ಸಗಟು ಖರೀದಿಯನ್ನು ನೆಚ್ಚಿಕೊಂಡಿದೆ. ಅಲ್ಲಿ ಬೆಲೆ ಕಟ್ಟುವುದು ಪುಟಕ್ಕಿಷ್ಟು ಎಂಬ ಲೆಕ್ಕದಲ್ಲಿ. ಅಕ್ಷರ ತುಂಬಿದ ಪುಟವನ್ನು ಒಂದು ಬೆಳಗ್ಗೆ ಬರೆಯಬಹುದು. ಚಿತ್ರದ ಪುಟಕ್ಕೆ ಪೆನ್ಸಿಲ್ಲು, ಶಾಯಿ, ಅಕ್ಷರ ಎಂದು ಎರಡು ಮೂರು ದಿನ ಹಿಡಿಯುತ್ತದೆ. ಎರಡಕ್ಕೂ ಒಂದೇ ದರ. ಈ ಲೆಕ್ಕದಲ್ಲಿ ಯಾವ ಪ್ರಕಾಶಕನೂ ಕಾಮಿಕ್ಸ್ ಹಾಕಲಾರ. ಒಪ್ಪಿದೆ. ಆದರೆ ಇದು ದರಪಟ್ಟಿಯ ದೋಷವಾಯಿತೇ ಹೊರತು ಓದುಗರ ದೋಷವಾಗಲಿಲ್ಲ. ದರಪಟ್ಟಿ ತಿದ್ದಿ ಎಂದು ಪ್ರಕಾಶಕರು ಇಲಾಖೆಯ ಬಾಗಿಲು ತಟ್ಟುತ್ತಾರಲ್ಲ, ಆಗ ಚಿತ್ರದ ಪುಟಕ್ಕೆ ಬೇರೆ ದರ ಕೊಡಿ ಎಂದು ಒಂದು ಸಾಲು ಸೇರಿಸಲು ಯಾಕೆ ಆಗುವುದಿಲ್ಲ?

ಇನ್ನು ಸಾವಿರ ಪ್ರತಿಯ ಭಯ. ಅಷ್ಟು ಹಾಕಿ ಎಂದವರು ಯಾರು? ನೆಹರು ನಗರದಲ್ಲಿ ಮೆಡಿಕಲ್ ಕಾಲೇಜು, ದೊಡ್ಡ ದವಾಖಾನೆ ಇರುವುದರಿಂದ ಝೆರಾಕ್ಸ್ ಅಂಗಡಿಗಳಿಗೆ ಬರವಿಲ್ಲ. ವಿದ್ಯಾರ್ಥಿಗಳ ಥೀಸಿಸ್ಸುಗಳ ನಡುವೆ ನನ್ನ ಬಸ್ಸೂ ಅಚ್ಚಾಗುತ್ತದೆ. ಎ4 ಹಾಳೆ ನಡುವೆ ಮಡಚಿದರೆ ನಾಲ್ಕು ಪುಟ. ನಾಲ್ಕು ಹಾಳೆಗೆ ಹದಿನಾರು. ಹೊರಗಿನ ಹಾಳೆಯ ಒಂದು ಬದಿಗೆ ಹದಿನಾರನೇ ಪುಟ ಮತ್ತು ಒಂದನೇ ಪುಟ, ಬೆನ್ನಿಗೆ ಎರಡು ಮತ್ತು ಹದಿನೈದು. ಹೀಗೆ ಒಳಗೆ ಒಳಗೆ ಹೋಗಬೇಕು. ಅಂಗಡಿಯ ಹುಡುಗ ಒಮ್ಮೆ ಈ ಜೋಡಣೆ ಕಲಿತ ಮೇಲೆ ನನಗಿಂತ ಬೇಗ ಮಾಡುತ್ತಾನೆ. ಐವತ್ತು ಪ್ರತಿ ಹಾಕಿಸುವುದು, ಮಾರಿದ ಮೇಲೆ ಮತ್ತೆ ಐವತ್ತು. ಗೋದಾಮೂ ಇಲ್ಲ, ಸಾಲವೂ ಇಲ್ಲ. ಟೋಕಿಯೋದ ಕಾಮಿಕೆಟ್ ಮೇಳ ಹೀಗೆಯೇ ಹುಟ್ಟಿದ್ದು. 1975ರ ಡಿಸೆಂಬರಿನಲ್ಲಿ ತಾವೇ ಬರೆದು ತಾವೇ ಅಚ್ಚು ಹಾಕಿದ 32 ಗುಂಪುಗಳು ಸೇರಿದವು, ಬಂದವರು ಸುಮಾರು 700 ಜನ. ಇಂದು ಅಲ್ಲಿಗೆ ಬರುವವರನ್ನು ಲಕ್ಷದಲ್ಲಿ ಎಣಿಸುತ್ತಾರೆ. ಓದುಗರು ಲಕ್ಷ ಆಗಲಿ, ಆಮೇಲೆ ಮೇಳ ಮಾಡೋಣ ಎಂದು ಅವರು ಕಾಯಲಿಲ್ಲ.

ನಮ್ಮಲ್ಲೂ ಒಬ್ಬರು ಕಾಯಲಿಲ್ಲ. ಕುಂದಾಪುರದ ಸತೀಶ್ ಆಚಾರ್ಯರ ಕಾರ್ಟೂನನ್ನು 2018ರಲ್ಲಿ ದೆಹಲಿಯ ಪತ್ರಿಕೆಯೊಂದು ತಡೆಯಿತು, ಅವರ ಅಂಕಣವೂ ನಿಂತಿತು. ಅವರು ಕುಂದಾಪುರದಲ್ಲೇ ಕೂತು ನೇರ ಓದುಗರಿಗೆ ಬರೆದರು, ತಮ್ಮ ಪುಸ್ತಕ ತಾವೇ ಮಾರಿದರು, ಆ ಊರಿನಲ್ಲಿ ಕಾರ್ಟೂನು ಹಬ್ಬವನ್ನೂ ಕಟ್ಟಿದ್ದಾರೆ. ಸಣ್ಣ ಊರು, ಕನ್ನಡದ ಊರು, ಬೆಂಗಳೂರಿನಿಂದ ದೂರದ ಊರು. ಮೂರೂ ನೆಪ ಅಲ್ಲಿ ಸುಳ್ಳಾದವು.

ಮೊಬೈಲ್ ಬಂತು, ಚಿತ್ರದ ಹಸಿವು ಹೋಯಿತು ಎನ್ನುವವರು 2025ರ ಮಾರ್ಚಿನಲ್ಲಿ ತಮ್ಮ ವಾಟ್ಸಾಪ್ ತೆರೆದು ನೋಡಬೇಕಿತ್ತು. ನಿಪ್ಪಾಣಿಯ ವಕೀಲರು, ಬೈಲಹೊಂಗಲದ ಮೇಷ್ಟ್ರು, ನಮ್ಮ ಗಲ್ಲಿಯ ಅಕ್ಕಂದಿರು ಎಲ್ಲ ಜಪಾನಿನ ಜಿಬ್ಲಿ ಶೈಲಿಯ ಚಿತ್ರಗಳಾಗಿ ಕುಳಿತಿದ್ದರು. ತಮ್ಮ ಮುಖ, ತಮ್ಮ ಮನೆ ಅಂಗಳ ಗೆರೆಯಲ್ಲಿ ಕಾಣಬೇಕೆಂಬ ಆಸೆ ಅಷ್ಟಿದೆ. ಕೃತಕ ಬುದ್ಧಿಮತ್ತೆಯ ಯಂತ್ರ ಅದನ್ನು ಅರೆಗಳಿಗೆಯಲ್ಲಿ ತೀರಿಸಿತು, ಮರೆಯಲೂ ಅಷ್ಟೇ ಹೊತ್ತು ಹಿಡಿಯಿತು. ಬುಟ್ಟಿಯೊಳಗಿನ ಕೋಳಿಯೂ ಚಿಲ್ಲರೆ ಕೊಡದೆ ಕಿಟಕಿ ನೋಡುತ್ತದೆ ಎಂದು ಖಾನಾಪುರದ ಬಸ್ಸು ಹತ್ತದ ಯಂತ್ರಕ್ಕೆ ಹೊಳೆಯುವುದಿಲ್ಲ. ಆ ಕೆಲಸಕ್ಕೆ ಇನ್ನೂ ಮನುಷ್ಯನೇ ಬೇಕು. ಅವನಿಗೆ ಬಸ್ ಟಿಕೆಟ್ಟಿನ ದುಡ್ಡಾದರೂ ಬೇಕು.

ಹಾಗಾದರೆ ಏನು ಮಾಡಬೇಕು? ನಾನು ಕೇಳುವುದು ಅಕಾಡೆಮಿ ಅಲ್ಲ, ನಿಗಮ ಅಲ್ಲ, ಪ್ರಶಸ್ತಿ ಅಲ್ಲ. ಬೆಳಗಾವಿ 1929ರಲ್ಲಿ ಮಾಸ್ತಿಯವರ, 1980ರಲ್ಲಿ ಬಸವರಾಜ ಕಟ್ಟೀಮನಿಯವರ, 2003ರಲ್ಲಿ ಪಾಟೀಲ ಪುಟ್ಟಪ್ಪನವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ನಡೆಸಿದ ಊರು. ಜನರನ್ನು ಸೇರಿಸುವುದು ಈ ಊರಿಗೆ ಹೇಳಿಕೊಡಬೇಕಿಲ್ಲ. ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವ ಇದೆ, ನವೆಂಬರ್ ಒಂದರಂದು ಇಡೀ ಊರೇ ಬೀದಿಗೆ ಇಳಿಯುತ್ತದೆ, ನೆಹರು ನಗರದಲ್ಲೇ ಕುಮಾರ ಗಂಧರ್ವ ರಂಗಮಂದಿರದ ಅಂಗಳ ಇದೆ. ಇಂಥ ಕಡೆ ಸ್ವಂತ ಪುಸ್ತಕ ತಂದವರಿಗೆಂದು ಒಂದು ಸಾಲು ಅರ್ಧ ಮೇಜುಗಳನ್ನು ಬಾಡಿಗೆ ಇಲ್ಲದೆ ಬಿಡಲಿ. ಪುಸ್ತಕ ಮೇಳಗಳಲ್ಲಿ ಇಡೀ ಮಳಿಗೆಯ ಬಾಡಿಗೆ ಕಟ್ಟಲು ದೊಡ್ಡ ಪ್ರಕಾಶಕರಿಗೇ ಕಷ್ಟವಾಗುತ್ತದೆ. ಹದಿನಾರು ಪುಟದ ಪುಸ್ತಕದವನು ಎಲ್ಲಿಂದ ತರಬೇಕು? ಪತ್ರಿಕೆಗಳು ವಾರಕ್ಕೆ ಅರ್ಧ ಪುಟ ಕಥನ ಚಿತ್ರಕ್ಕೆ ಕೊಟ್ಟು, ಕವಿತೆಗೆ ಕೊಡುವಷ್ಟಲ್ಲ, ದುಡಿಮೆಗೆ ತಕ್ಕಷ್ಟು ಸಂಭಾವನೆ ಕೊಡಲಿ. ಗ್ರಂಥಾಲಯದ ದರಪಟ್ಟಿಯಲ್ಲಿ ಚಿತ್ರದ ಪುಟಕ್ಕೆ ಒಂದು ಸಾಲು ಬರಲಿ. ಕರೆದರೆ ಪುಸ್ತಕ ಮಾರಲು ಕರೆಯಲಿ. ಮುಖ ಬರೆಸುವುದಿದ್ದರೆ ದರ ಮೊದಲೇ ಹೇಳಲಿ. ಶಾಲು ಬೇಡ, ನಮ್ಮೆಲ್ಲರ ಮನೆಯಲ್ಲೂ ಸಾಕಷ್ಟಿವೆ.

ಇಷ್ಟನ್ನೂ ಮೂರು ವರ್ಷ ಬಿಡದೆ ಮಾಡಿ ನೋಡಿ. ಆಮೇಲೂ ಮೇಜಿನ ಮುಂದೆ ಯಾರೂ ನಿಲ್ಲದಿದ್ದರೆ ಕನ್ನಡದಲ್ಲಿ ಕಾಮಿಕ್ಸ್ ಓದುವವರಿಲ್ಲ ಎಂದು ಹೇಳುವ ಹಕ್ಕು ನಿಮಗೆ ಬರುತ್ತದೆ, ನಾನೂ ಒಪ್ಪುತ್ತೇನೆ. ಒಂದು ಮೇಜನ್ನೂ ಹಾಕದೆ, ಒಂದು ಪುಟಕ್ಕೂ ದುಡ್ಡು ಕೊಡದೆ, ಬಾರದ ಓದುಗನ ಮೇಲೆ ತೀರ್ಪು ಬರೆಯುವ ಹಕ್ಕು ಯಾರಿಗೂ ಇಲ್ಲ.